ಕ್ವಾಂಟಮ್ ಕಲಿಯಲು ಪಿಯುಸಿ ಗಣಿತ ಸಾಕು

ಕ್ವಾಂಟಮ್ ಕಂಪ್ಯೂಟರ್ ಸುದ್ದಿ ಈಗ ವಾರಕ್ಕೊಮ್ಮೆಯಾದರೂ ಪೇಪರಿನಲ್ಲಿ ಕಣ್ಣಿಗೆ ಬೀಳುತ್ತೆ. ಕೇಂದ್ರ ಸರ್ಕಾರ 2023ರ ಏಪ್ರಿಲ್‌ನಲ್ಲಿ 6,003 ಕೋಟಿ ರೂಪಾಯಿಯ ರಾಷ್ಟ್ರೀಯ ಕ್ವಾಂಟಮ್ ಮಿಷನ್‌ಗೆ ಒಪ್ಪಿಗೆ ಕೊಟ್ಟಿತು. ಅದರ ಕಂಪ್ಯೂಟಿಂಗ್ ವಿಭಾಗದ ಹೊಣೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯದು. ಇದನ್ನೆಲ್ಲ ಓದಿದ ನನ್ನ ಚಿಕ್ಕಮ್ಮನ ಮಗಳು ಕೇಳಿದ್ದು ಒಂದೇ ಪ್ರಶ್ನೆ: “ಅಕ್ಕಾ, ಇದೆಲ್ಲ ನಮ್ಮಂಥವರಿಗಲ್ಲ ಅಲ್ವಾ?”

ಅವಳು ಭದ್ರಾವತಿಯ ಹುಡುಗಿ. ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮ, ಈಗ ದ್ವಿತೀಯ ಪಿಯುಸಿ ವಿಜ್ಞಾನ. ಶಿವಮೊಗ್ಗದಲ್ಲಿ ಓದಿ ಸಾಫ್ಟ್‌ವೇರ್ ಎಂಜಿನಿಯರ್ ಆದ ನಾನು ಅವಳಿಗೆ ಹೇಳಿದ್ದನ್ನೇ ನಿಮಗೂ ಹೇಳ್ತೀನಿ.

ಪೆನ್ನು, ಪೇಪರ್, ಎರಡು ಸಂಖ್ಯೆ

ಮಾಮೂಲಿ ಕಂಪ್ಯೂಟರಿನ ಬಿಟ್ ಒಂದೋ 0, ಇಲ್ಲವೇ 1. ಕ್ವಾಂಟಮ್ ಬಿಟ್, ಅಂದರೆ ಕ್ಯೂಬಿಟ್ ಅನ್ನು ಎರಡು ಸಂಖ್ಯೆಗಳ ಜೋಡಿಯಾಗಿ ಬರೆಯುತ್ತಾರೆ. (1, 0) ಎಂದರೆ ಖಚಿತವಾಗಿ 0. ಮೊದಲ ಸಂಖ್ಯೆಯ ವರ್ಗ, 0 ಸಿಗುವ ಸಂಭವನೀಯತೆ. ಎರಡನೆಯದರ ವರ್ಗ, 1 ಸಿಗುವ ಸಂಭವನೀಯತೆ.

ಈಗ ‘ಹಡಮಾರ್ಡ್ ಗೇಟ್’ ಎಂಬ ಕ್ರಿಯೆ. ಎರಡೂ ಸಂಖ್ಯೆ ಕೂಡಿಸಿ 0.707ರಿಂದ ಗುಣಿಸಿದರೆ ಹೊಸ ಮೊದಲ ಸಂಖ್ಯೆ. ಮೊದಲನೆಯದರಿಂದ ಎರಡನೆಯದನ್ನು ಕಳೆದು 0.707ರಿಂದ ಗುಣಿಸಿದರೆ ಹೊಸ ಎರಡನೆಯದು. (1, 0) ಈಗ (0.707, 0.707) ಆಯಿತು. ವರ್ಗ ಮಾಡಿ ನೋಡಿ, ಎರಡಕ್ಕೂ ಅರ್ಧರ್ಧ ಅವಕಾಶ. ನಾಣ್ಯ ಚಿಮ್ಮಿದ ಹಾಗೇ.

ನಡುವೆ ಅಳೆದು ನೋಡದೆ ಅದೇ ಕ್ರಿಯೆಯನ್ನು ಇನ್ನೊಮ್ಮೆ ಮಾಡಿ. ಕೂಡಿಸಿದ್ದು ಹೆಚ್ಚುಕಡಿಮೆ 1, ಕಳೆದದ್ದು 0. ಮತ್ತೆ (1, 0)! ನಾಣ್ಯವನ್ನು ಎಷ್ಟು ಸಲ ಚಿಮ್ಮಿದರೂ ಅರ್ಧರ್ಧವೇ. ಮೊದಲಿನ ಖಚಿತ ಸ್ಥಿತಿಗೆ ಬರೋದಿಲ್ಲ. ಇಲ್ಲಿ ಮಾತ್ರ ‘1’ರ ಅವಕಾಶ ಅಳಿಸಿಹೋಯಿತು. ಕಾರಣ ಆ ಮೈನಸ್ ಗುರುತು. ಭದ್ರಾ ಹೊಳೆಗೆ ಎರಡು ಕಲ್ಲು ಎಸೆದರೆ ಒಂದರ ಅಲೆಯ ಉಬ್ಬು ಇನ್ನೊಂದರ ತಗ್ಗಿಗೆ ಸೇರಿದ ಕಡೆ ನೀರು ಸಮವಾಗುತ್ತಲ್ಲ, ಹಾಗೆ. ತಪ್ಪು ಉತ್ತರಗಳು ಹೀಗೆ ಅಳಿಸಿಹೋಗುವಂತೆ ಲೆಕ್ಕ ಜೋಡಿಸುವುದೇ ಕ್ವಾಂಟಮ್ ಪ್ರೋಗ್ರಾಮಿನ ಜಾಣತನ.

ಉತ್ಪ್ರೇಕ್ಷೆ ಬೇಡ

‘ಎಲ್ಲ ಉತ್ತರಗಳನ್ನೂ ಒಟ್ಟಿಗೆ ಪರೀಕ್ಷಿಸುವ ಮಾಯಾ ಯಂತ್ರ’ ಎಂಬ ವಿವರಣೆಯನ್ನು ನಂಬಬೇಡಿ. 50 ಕ್ಯೂಬಿಟ್‌ಗಳ ಸ್ಥಿತಿ ಬರೆಯಲು 11 ಕೋಟಿ ಕೋಟಿಗೂ ಹೆಚ್ಚು ಸಂಖ್ಯೆ ಬೇಕು, ನಿಜ. ಆದರೆ ಅಳೆದಾಗ ಕೈಗೆ ಸಿಗೋದು 50 ಬಿಟ್ ಮಾತ್ರ. ಹಾಗಾಗಿ ಕೆಲವು ಬಗೆಯ ಲೆಕ್ಕಗಳಿಗಷ್ಟೇ ಇದು ಲಾಭ. ‘ಕೋರ್ಸ್ ಮುಗಿಸಿದ ಕೂಡಲೇ ಕೆಲಸ’ ಅಂತ ಸಾವಿರಾರು ರೂಪಾಯಿ ಕೇಳುವವರಿಗೆ ಹಣ ಕಟ್ಟುವ ಮೊದಲು ಅಪ್ಪ ಅಮ್ಮಂದಿರು ಇದನ್ನು ನೆನಪಿಡಿ.

ಎಲ್ಲಿ ಶುರು ಮಾಡೋದು?

ಕಾಂಪ್ಲೆಕ್ಸ್ ಸಂಖ್ಯೆ ಪ್ರಥಮ ಪಿಯುಸಿಯಲ್ಲಿದೆ. ಮ್ಯಾಟ್ರಿಕ್ಸ್, ವೆಕ್ಟರ್ ದ್ವಿತೀಯ ಪಿಯುಸಿಯಲ್ಲಿವೆ. ಮೊದಲ ಪಾಠಗಳಿಗೆ ಅಷ್ಟು ಸಾಕು. ಐಬಿಎಂ ಕಂಪನಿ 2016ರಲ್ಲೇ ತನ್ನ 5 ಕ್ಯೂಬಿಟ್ ಯಂತ್ರವನ್ನು ಇಂಟರ್‌ನೆಟ್ ಮೂಲಕ ಸಾರ್ವಜನಿಕರಿಗೆ ತೆರೆದಿತ್ತು. ಅದರ ‘ಕಿಸ್ಕಿಟ್’ ತಂತ್ರಾಂಶ ಉಚಿತ. ಸ್ವಲ್ಪ ಪೈಥಾನ್ ಬಂದರೆ ಮೇಲಿನ ಲೆಕ್ಕವನ್ನು ಸಾಧಾರಣ ಲ್ಯಾಪ್‌ಟಾಪಿನಲ್ಲೇ ಮಾಡಿ ನೋಡಬಹುದು. ಎನ್‌ಪಿಟಿಇಎಲ್ ಪಾಠಗಳನ್ನೂ ದುಡ್ಡಿಲ್ಲದೆ ನೋಡಬಹುದು. ಪರೀಕ್ಷೆ ಬರೆದು ಸರ್ಟಿಫಿಕೇಟ್ ಪಡೆಯಲು ಮಾತ್ರ ಶುಲ್ಕ.

ನಮ್ಮ ಮಕ್ಕಳಿಗೆ ಅಡ್ಡವಾಗೋದು ಗಣಿತಕ್ಕಿಂತ ಹೆಚ್ಚಾಗಿ ಇಂಗ್ಲಿಷ್, ಅದರ ಜೊತೆಗೆ ‘ನಮಗಲ್ಲ’ ಎಂಬ ಹಿಂಜರಿಕೆ. ಶಿವಮೊಗ್ಗದಲ್ಲಿ ಸಹ್ಯಾದ್ರಿ ವಿಜ್ಞಾನ ಕಾಲೇಜಿದೆ, ಭದ್ರಾವತಿ ತಾಲ್ಲೂಕಿನ ಶಂಕರಘಟ್ಟದಲ್ಲಿ ಕುವೆಂಪು ವಿಶ್ವವಿದ್ಯಾಲಯವೇ ಇದೆ. ಇಲ್ಲಿನ ಮೇಷ್ಟ್ರುಗಳು ತಿಂಗಳಿಗೊಂದು ಭಾನುವಾರ ಪಿಯು ಮಕ್ಕಳನ್ನು ಕೂರಿಸಿಕೊಂಡು ಕನ್ನಡದಲ್ಲೇ ಒಂದು ಗಂಟೆ ಹೇಳಿಕೊಟ್ಟರೂ ಸಾಕು. ಕ್ಯೂಬಿಟ್, ಗೇಟ್ ಎಂಬ ಪದಗಳು ಹಾಗೇ ಇರಲಿ, ವಿವರಣೆ ಕನ್ನಡದಲ್ಲಿರಲಿ. ಅಲ್ಲಿಯವರೆಗೆ, ಮನೆಯಲ್ಲಿ ಪಿಯುಸಿ ಓದುವ ಮಕ್ಕಳಿದ್ದರೆ ಈ ಎರಡು ಸಂಖ್ಯೆಯ ಲೆಕ್ಕವನ್ನು ಇವತ್ತೇ ಅವರ ಕೈಯಲ್ಲಿ ಮಾಡಿಸಿ ನೋಡಿ.