‘ಕೇಳಿದಾಗ ಕೊಡುತ್ತೇನೆ’ ಎಂದರೆ ಯಾವಾಗ?

ಜೇಬಿನಲ್ಲಿ ಐನೂರರ ನೋಟಿದ್ದರೆ ಒಮ್ಮೆ ತೆಗೆದು ನೋಡಿ. ಅದನ್ನು ತಂದವರಿಗೆ ಐನೂರು ರೂಪಾಯಿ ಸಲ್ಲಿಸುವುದಾಗಿ ರಿಸರ್ವ್ ಬ್ಯಾಂಕಿನ ಗವರ್ನರು ಮಾತು ಕೊಟ್ಟು ಸಹಿ ಹಾಕಿದ್ದಾರೆ. 1996ರಿಂದ ನಮ್ಮ ಮೈಸೂರಿನ ಮುದ್ರಣಾಲಯದಲ್ಲೂ ನೋಟುಗಳು ಅಚ್ಚಾಗುತ್ತಿವೆ. ಯಾರೇ ತಂದರೂ ಕೇಳಿದೊಡನೆ ಹಣ ಕೊಡುವೆನೆಂದು ಹೀಗೆ ಪತ್ರ ಹೊರಡಿಸುವುದು 1934ರ ರಿಸರ್ವ್ ಬ್ಯಾಂಕ್ ಕಾಯಿದೆಯಂತೆ ಖಾಸಗಿಯವರಿಗೆ ನಿಷಿದ್ಧ. ನಾವು ನೀವು ಬರೆದುಕೊಡಬಹುದಾದದ್ದು ಇಂಥವರಿಗೆ ಎಂದು ಹೆಸರು ಹೇಳುವ ಪ್ರಾಮಿಸರಿ ನೋಟು. ಆಡುಮಾತಿನಲ್ಲಿ ಪ್ರೋನೋಟು. ಚಾಮರಾಜಪುರಂನ ನ್ಯಾಯಾಲಯಕ್ಕೆ ಕೈಸಾಲದ ದಾವೆ ಹೂಡಲು ಬರುವವರ ಕೈಯಲ್ಲಿ ಸಾಮಾನ್ಯವಾಗಿ ಇರುವುದು ಇದೇ ಹಾಳೆ.

ಇದಕ್ಕೆ ಆಧಾರ 1881ರ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯಿದೆ. ಬರವಣಿಗೆ, ಸಹಿ, ಖಚಿತವಾದ ಮೊತ್ತ, ಷರತ್ತಿಲ್ಲದ ವಾಗ್ದಾನ ಇರಬೇಕು. ‘ನನ್ನ ಮದುವೆಯಾದ ಏಳು ದಿನಕ್ಕೆ ಕೊಡುತ್ತೇನೆ’ ಎಂದರೆ ಅದು ಪ್ರೋನೋಟಲ್ಲ. ಮದುವೆ ಆಗದೆಯೂ ಹೋಗಬಹುದಲ್ಲ! ರೆವಿನ್ಯೂ ಸ್ಟಾಂಪನ್ನೂ ಮರೆಯುವಂತಿಲ್ಲ. ಬೇರೆ ಎಷ್ಟೋ ದಸ್ತಾವೇಜುಗಳಿಗೆ ಆಮೇಲೆ ದಂಡ ಕಟ್ಟಿ ಸರಿಪಡಿಸಿಕೊಳ್ಳಬಹುದು, ಪ್ರೋನೋಟಿಗೆ ಆ ಸೌಕರ್ಯವಿಲ್ಲ.

ಹಣ ಹಿಂದಿರುಗಿಸುವ ದಿನವನ್ನು ಹೇಳದಿದ್ದರೆ ಅದು ‘ಕೇಳಿದಾಗ ಕೊಡತಕ್ಕ’ ಪ್ರೋನೋಟು, ಅಂದರೆ ಆನ್ ಡಿಮ್ಯಾಂಡ್. ಬಹಳ ಮಂದಿ ಎಡವುವುದು ಇಲ್ಲೇ. ‘ಯಾವಾಗ ಬೇಕಾದರೂ ಕೇಳಬಹುದು, ಅವಸರವೇನು’ ಎಂದು ಕಾಗದವನ್ನು ಬೀರುವಿನಲ್ಲಿಟ್ಟು ಸುಮ್ಮನಾಗುತ್ತಾರೆ. ಕಾನೂನಿನ ದೃಷ್ಟಿಯೇ ಬೇರೆ. ಸಹಿ ಬಿದ್ದ ದಿನವೇ ಹಣ ಸಲ್ಲಬೇಕಾಗಿದೆ, ಕೇಳುವುದು ಬಿಡುವುದು ಸಾಲ ಕೊಟ್ಟವರ ಇಚ್ಛೆ ಎಂದು ಅದು ಎಣಿಸುತ್ತದೆ. ಆದ್ದರಿಂದ 1963ರ ಕಾಲಮಿತಿ ಕಾಯಿದೆಯ ಮೂರು ವರ್ಷಗಳ ಗಡುವು ಹಣ ಕೇಳಿದ ದಿನದಿಂದಲ್ಲ, ನೋಟಿನ ತಾರೀಖಿನಿಂದಲೇ ಓಡತೊಡಗುತ್ತದೆ. ನಿಮ್ಮ ತಂದೆಯವರು 2022ರ ಜೂನ್ 10ರಂದು ಸ್ನೇಹಿತರಿಗೆ ಐವತ್ತು ಸಾವಿರ ಕೊಟ್ಟು ಇಂಥ ನೋಟು ಬರೆಸಿಕೊಂಡಿದ್ದರೆನ್ನಿ. 2025ರ ಜೂನ್ 10ಕ್ಕೆ ಗಡುವು ಮುಗಿಯಿತು. ಅದಾದ ಮೇಲೆ ಮೊದಲ ಸಲ ಕೇಳಿ, ‘ಕೊಡುವುದಿಲ್ಲ’ ಎನ್ನಿಸಿಕೊಂಡು ಕೋರ್ಟಿಗೆ ಹೋದರೆ ದಾವೆ ನಿಲ್ಲುವುದಿಲ್ಲ.

ಸ್ನೇಹಿತರ ಮೇಲೆ ದಾವೆ ಹೂಡಲು ಯಾರಿಗೆ ತಾನೆ ಮನಸ್ಸು ಬಂದೀತು? ಹೂಡದೆಯೂ ಗಡುವನ್ನು ಬೆಳೆಸಬಹುದು. ಮೂರು ವರ್ಷದೊಳಗೆ ಅವರು ಸ್ವಲ್ಪ ಹಣವನ್ನಾದರೂ ಕಟ್ಟಿ, ನೋಟಿನ ಬೆನ್ನ ಮೇಲೆ ಆ ಸಂದಾಯವನ್ನು ತಾರೀಖಿನೊಡನೆ ಬರೆದು ಸಹಿ ಹಾಕಿದರೆ, ಕಟ್ಟಿದ ದಿನದಿಂದ ಮತ್ತೆ ಮೂರು ವರ್ಷ ಸಿಗುತ್ತದೆ. ಸಾಲ ಉಂಟೆಂದು ಗಡುವಿನೊಳಗೆ ಬರೆದು ಸಹಿ ಮಾಡಿಕೊಟ್ಟರೂ ಆದೀತು. ಬಾಯಿಮಾತು ಮಾತ್ರ ಸಾಲದು. ಗಡುವು ಮೀರಿದ ಮೇಲೂ ಸಾಲಗಾರರೇ ಮನಸ್ಸು ಮಾಡಿ ‘ಆ ಹಳೆಯ ಬಾಕಿ ತೀರಿಸುತ್ತೇನೆ’ ಎಂದು ಹೊಸದಾಗಿ ಬರೆದು ಸಹಿ ಹಾಕಿದರೆ 1872ರ ಕರಾರು ಕಾಯಿದೆ ಅದನ್ನು ಮನ್ನಿಸುತ್ತದೆ.