ಜಲ್ಲಿದಾರಿಯ ಪಾಠ

ಮೆಡಿಟರೇನಿಯನ್ ಸಮುದ್ರದ ಸೈಪ್ರಸ್ ದ್ವೀಪದಲ್ಲಿ ಟ್ರೂಡೋಸ್ ಎಂಬ ಪರ್ವತಶ್ರೇಣಿಯುಂಟು. ಅದರ ಒಲಿಂಪಸ್ ಶಿಖರವು 1952 ಮೀಟರು ಎತ್ತರವಾದುದು. ಸುತ್ತಲಿನ ಪೈನ್ ವನಗಳಲ್ಲಿ ಅರಣ್ಯ ಇಲಾಖೆಯ ಜಲ್ಲಿದಾರಿಗಳು ಹಾವಿನಂತೆ ಹರಿದಿವೆ. ಪಶ್ಚಿಮದ ಕಣಿವೆಯೊಂದರಲ್ಲಿ ಹಿಮಾಲಯದ ದೇವದಾರುವಿಗೆ ಜ್ಞಾತಿಗಳಾದ ವೃಕ್ಷಗಳೂ ಇವೆ.

ನಮ್ಮ ಮಗನು ಅಲ್ಲಿ ಗ್ರ್ಯಾವೆಲ್ ಬೈಕ್ ಎಂಬ ಬೈಸಿಕಲ್ಲನ್ನು ತುಳಿಯಹೊರಟಾಗ ನಾವು ಭೀತರಾಗಿ, "ಚಕ್ರಕ್ಕೆ ಗಾಳಿಯನ್ನು ಬಿಗಿಯಾಗಿ ತುಂಬಿಸಿಕೊ" ಎಂದೆವು.

"ಬಿಗಿದ ಚಕ್ರವು ಕಲ್ಲಿನ ಮೇಲೆ ಪುಟಿದು ಜಾರುವುದಪ್ಪಾ, ಗಾಳಿ ತುಸು ಕಡಮೆಯಿದ್ದರೆ ನೆಲವನ್ನು ತಬ್ಬಿಕೊಳ್ಳುವುದು. ಅದಕ್ಕೆಂದೇ 40 ಮಿಲಿಮೀಟರು ಅಗಲದ ಟೈರು. ಇಳಿಜಾರಿನಲ್ಲಿ ತಿರುವಿಗೆ ಮೊದಲೇ ವೇಗವನ್ನು ತಗ್ಗಿಸುವೆನು" ಎಂದನು.

ಮೂವತ್ತು ವರ್ಷ ಮಕ್ಕಳನ್ನು ಬಿಗಿಹಿಡಿದೇ ಕಲಿಸಿದ ನಾವು ಅಂದು ಕೈ ಸಡಿಲಿಸಿದೆವು. ಹೋಗಿ ಬಂದವನ ಮೊಣಕಾಲಿನಲ್ಲಿ ಒಂದು ತರಚುಗಾಯ, ಮುಖದಲ್ಲಿ ಹಿಂದೆಂದೂ ಕಾಣದ ಕಳೆ.