ಉಡುಪಿಯಿಂದ ಬಡಗಲಿಗೆ: ಪಾಲಿನ ಹಣ, ಲಾಭಾಂಶದ ದಾರಿ

ಉಡುಪಿಯಲ್ಲಿ ಜನ್ಮತಾಳಿದ ಎರಡು ಬ್ಯಾಂಕುಗಳು ಊರಿನಿಂದ ಹೊರಗೆ ಮೊದಲ ಹೆಜ್ಜೆಯಿಡುವ ಸಮಯ ಬಂದಾಗ, ತೆಂಕಲಲ್ಲಿ ಮಂಗಳೂರಿನಂತಹ ದೊಡ್ಡ ಪೇಟೆಯಿದ್ದರೂ, ಎರಡೂ ಹೊಳೆ ದಾಟಿ ಬಡಗಲಿಗೇ ಹೊರಟುವೆಂಬುದು ನಮ್ಮ ಕರಾವಳಿಯ ಅರ್ಥವ್ಯವಹಾರದ ಚರಿತ್ರೆಯಲ್ಲಿ ಗಮನಿಸತಕ್ಕ ಸಂಗತಿ. ಹಾಜಿ ಅಬ್ದುಲ್ಲಾ ಸಾಹೇಬರು 1906ರಲ್ಲಿ 5,000 ರೂಪಾಯಿಗಳ ಮೂಲಧನದಿಂದ ಸ್ಥಾಪಿಸಿದ, ಕಾಲಾಂತರದಲ್ಲಿ ಕಾರ್ಪೊರೇಷನ್ ಬ್ಯಾಂಕೆಂದು ಪ್ರಸಿದ್ಧವಾದ ಸಂಸ್ಥೆಯ ಪ್ರಥಮ ಶಾಖೆ 1923ರಲ್ಲಿ ಕುಂದಾಪುರದಲ್ಲಿ ತೆರೆಯಿತು. ಮಂಗಳೂರಿನ ಸರದಿ ಬಂದುದು 1926ರಲ್ಲಿ. ಆ ಬ್ಯಾಂಕಿನ ಪ್ರಾರಂಭದ ದಿನ ಸಂಜೆಗೆ ಕೈಸೇರಿದ್ದ ಹಣ 38 ರೂಪಾಯಿ 13 ಆಣೆ 2 ಪೈ ಎಂಬುದನ್ನು ನೆನೆದರೆ, ಪಾಲು ಕೊಂಡವರ ಧೈರ್ಯಕ್ಕೆ ತಲೆದೂಗಲೇಬೇಕು.

ಎರಡನೆಯ ಸಂಸ್ಥೆಯ ವೃತ್ತಾಂತ ಇನ್ನೂ ಸ್ವಾರಸ್ಯವುಳ್ಳದ್ದು. ಕೈಮಗ್ಗದ ಕಸುಬು ಕುಸಿದು ನೇಕಾರರು ಕಂಗಾಲಾಗಿದ್ದ ಕಾಲದಲ್ಲಿ, ವ್ಯಾಪಾರಿಗಳಾದ ಉಪೇಂದ್ರ ಅನಂತ ಪೈಗಳು, ಇಂಜಿನಿಯರರಾದ ವಾಮನ ಶ್ರೀನಿವಾಸ ಕುಡ್ವರು, ವೈದ್ಯರಾದ ಡಾ. ಟಿ. ಎಂ. ಎ. ಪೈಗಳು, ಹೀಗೆ ಮೂರು ಬೇರೆಬೇರೆ ವೃತ್ತಿಯ ಮೂವರು ಒಂದುಗೂಡಿ, 8,000 ರೂಪಾಯಿಗಳ ಬಂಡವಾಳದಿಂದ 1925ರಲ್ಲಿ ಆರಂಭಿಸಿದ ‘ಕೆನರಾ ಇಂಡಸ್ಟ್ರಿಯಲ್ ಅಂಡ್ ಬ್ಯಾಂಕಿಂಗ್ ಸಿಂಡಿಕೇಟ್’ 1928ರಲ್ಲಿ ಬ್ರಹ್ಮಾವರದಲ್ಲಿ ತನ್ನ ಮೊದಲ ಶಾಖೆಯನ್ನು ತೆರೆಯಿತು. ಅದೇ ವರ್ಷ ಹುಟ್ಟಿದ್ದು ಪಿಗ್ಮಿ ಠೇವಣಿ. ದಿನಕ್ಕೆ ಎರಡಾಣೆಯಾದರೂ ಸರಿಯೆಂದು ಏಜೆಂಟನು ತಾನೇ ಮನೆಬಾಗಿಲಿಗೆ, ಅಂಗಡಿಯ ಕಟ್ಟೆಗೆ ಬಂದು, ಹಣವನ್ನು ಎಣಿಸಿಕೊಂಡು ಲೆಕ್ಕಕ್ಕೆ ಬರೆದುಕೊಂಡು ಹೋಗುವ ಈ ಪದ್ಧತಿಯಿಂದ, ಬ್ಯಾಂಕಿನ ಮೆಟ್ಟಿಲನ್ನೇ ತುಳಿಯದವರ ಉಳಿತಾಯವೂ ಮತ್ತೊಬ್ಬನ ಕಸುಬಿಗೆ ಬಂಡವಾಳವಾಗಿ ಹರಿಯತೊಡಗಿತು.

ಇಲ್ಲಿ ಠೇವಣಿದಾರನಿಗೂ ಷೇರುದಾರನಿಗೂ ಇರುವ ಭೇದವನ್ನು ಮರೆಯಲಾಗದು. ಎರಡಾಣೆ ಕಟ್ಟಿದವನಿಗೆ ಸಂಸ್ಥೆ ಋಣಿ. ಹೇಳಿದ ಬಡ್ಡಿಯನ್ನು ಕೊಡಲೇಬೇಕು. ಷೇರುದಾರನಾದರೋ ಸಾಲಗಳೆಲ್ಲ ವಸೂಲಾಗಿ, ಖರ್ಚು ಕಳೆದು ಉಳಿದುದರಲ್ಲಿ ಮಾತ್ರ ಲಾಭಾಂಶಕ್ಕೆ ಕೈಯೊಡ್ಡತಕ್ಕವನು. ಸಾಲ ಮುಳುಗಿದರೆ ಪ್ರಥಮತಃ ಕರಗುವುದು ಅವನ ಹಣವೇ.

ಷೇರುದಾರರ ಹಣವನ್ನು ಸಾಲವಾಗಿ ಹರಿಸಿ ಲಾಭಾಂಶ ಹಂಚುವ ಈ ಕ್ರಮಕ್ಕೆ ಪರದೇಶದ ರೂಪವೂ ಒಂದುಂಟು. ಸಣ್ಣ ಉದ್ಯಮಗಳಿಗೆ ಬಂಡವಾಳವೊದಗಿಸಿ, ಅದರ ಆದಾಯವನ್ನು ಷೇರುದಾರರಿಗೆ ಹಂಚುವ ‘ಬಿಸಿನೆಸ್ ಡೆವಲಪ್‌ಮೆಂಟ್ ಕಂಪನಿ’ ಎಂಬ ವ್ಯವಸ್ಥೆಯನ್ನು ಅಮೆರಿಕ ಶಾಸನಬದ್ಧವಾಗಿ ರೂಪಿಸಿದ್ದು 1980ರಲ್ಲಿ. ಅವು ಠೇವಣಿ ಪಡೆಯುವ ಬ್ಯಾಂಕುಗಳಲ್ಲ. ತೆರಿಗೆಯ ರಿಯಾಯಿತಿ ಬೇಕಾದರೆ ತೆರಿಗೆಗೊಳಪಡುವ ಆದಾಯದಲ್ಲಿ ಶೇ. 90ರಷ್ಟನ್ನಾದರೂ ಹಂಚಲೇಬೇಕಾದುದರಿಂದ, ಅವುಗಳ ಲಾಭಾಂಶದ ಅಂಕಿ ಕಣ್ಣು ಕುಕ್ಕುತ್ತದೆ. ಹಂಚಿದ ಮೇಲೆ ಆಪತ್ಕಾಲಕ್ಕೆ ಉಳಿಯುವುದು ಸ್ವಲ್ಪವೇ ಎಂಬುದು ಅದೇ ಅಂಕಿಯ ಇನ್ನೊಂದು ಮುಖ. ಮುಂಬಯಿ, ಬೆಂಗಳೂರುಗಳ ಹೊಟೇಲುಗಳಲ್ಲಿ ದುಡಿದು ಊರಿಗೆ ಹಣ ಕಳುಹಿಸಿದ ಬೈಂದೂರು, ಕುಂದಾಪುರದ ಹಿರಿಯರ ಮೊಮ್ಮಕ್ಕಳು ಇಂದು ಮೊಬೈಲಿನಲ್ಲೇ ಇಂತಹ ಪರದೇಶದ ಷೇರುಗಳನ್ನು ಕೊಳ್ಳಬಲ್ಲರು. ಆದರೆ ಲಾಭಾಂಶದಿಂದ ಶೇ. 25ರಷ್ಟು ತೆರಿಗೆಯನ್ನು ಅಮೆರಿಕ ಮೊದಲೇ ಮುರಿದುಕೊಳ್ಳುವುದೆಂಬುದೂ, ಇಲ್ಲಿನ ತೆರಿಗೆ ಕಟ್ಟುವಾಗ ಅದನ್ನು ಲೆಕ್ಕಕ್ಕೆ ಹಿಡಿಯಬಹುದೆಂಬುದೂ ಅವರಿಗೆ ತಿಳಿದಿರಲಿ. ಸಾಲ ಪಡೆದವನ ಮಗ್ಗ ನಡೆಯುತ್ತಿದೆಯೋ ಇಲ್ಲವೋ ಎಂಬುದನ್ನು ಬ್ರಹ್ಮಾವರದಲ್ಲಿ ಕಣ್ಣಾರೆ ಕಾಣಬಹುದಾಗಿತ್ತು. ಸಮುದ್ರದಾಚೆಯ ಸಾಲಗಾರನ ವಿಷಯದಲ್ಲಿ ವಾರ್ಷಿಕ ವರದಿಯೇ ಗತಿ. ಅದನ್ನು ಓದುವ ತಾಳ್ಮೆಯಿಲ್ಲದವರಿಗೆ ಈ ಹೂಡಿಕೆ ಸಲ್ಲದೆಂಬುದು ನನ್ನ ಮತ.

ನಮ್ಮ ಬ್ಯಾಂಕುಗಳ ಕಥೆ ಮುಂದೆ ವೇಗವಾಗಿ ಸಾಗಿತು. 1964ರಲ್ಲಿ ಸಿಂಡಿಕೇಟ್ ಬ್ಯಾಂಕೆಂದು ಹೆಸರು ಬದಲಿಸಿಕೊಂಡ ಸಂಸ್ಥೆ 1969ರಲ್ಲಿಯೂ, ಕಾರ್ಪೊರೇಷನ್ ಬ್ಯಾಂಕು 1980ರಲ್ಲಿಯೂ ರಾಷ್ಟ್ರೀಕೃತವಾದುವು. ಖಾಸಗಿ ಷೇರುದಾರರು ನಿರ್ಗಮಿಸಿ, 1990ರ ದಶಕದ ಉತ್ತರಾರ್ಧದಲ್ಲಿ ಸಾರ್ವಜನಿಕ ಷೇರು ನೀಡಿಕೆಯ ಮೂಲಕ ಪುನಃ ಪ್ರವೇಶಿಸಿದರು. 2020ರ ಏಪ್ರಿಲ್ 1ರಂದು ಕಾರ್ಪೊರೇಷನ್ ಬ್ಯಾಂಕು ಯೂನಿಯನ್ ಬ್ಯಾಂಕಿನಲ್ಲಿಯೂ, ಸಿಂಡಿಕೇಟ್ ಬ್ಯಾಂಕು ಕೆನರಾ ಬ್ಯಾಂಕಿನಲ್ಲಿಯೂ ಲೀನವಾದುವು. ಸಿಂಡಿಕೇಟಿನ 1,000 ಷೇರಿಗೆ ಕೆನರಾ ಬ್ಯಾಂಕಿನ 158 ಷೇರುಗಳು ದೊರೆತುವು. 2024ರಲ್ಲಿ ಕೆನರಾ ಬ್ಯಾಂಕು ಒಂದು ಷೇರನ್ನು ಐದಾಗಿ ವಿಭಜಿಸಿದಾಗ ಅವು 790 ಆದುವು. 2024-25ರ ಸಾಲಿಗೆ ಷೇರೊಂದಕ್ಕೆ 4 ರೂಪಾಯಿಯಂತೆ ಘೋಷಿತವಾದ ಲಾಭಾಂಶದ ಲೆಕ್ಕದಲ್ಲಿ ಆ ಸಾವಿರ ಷೇರುಗಳ ಒಡೆಯನಿಗೆ ಬರತಕ್ಕದ್ದು 3,160 ರೂಪಾಯಿ.

ಆದರೆ ಬರತಕ್ಕದ್ದೆಲ್ಲವೂ ಕೈಸೇರಿದೆಯೆಂದಿಲ್ಲ. ವಿಳಾಸ ಬದಲಾಗಿಯೋ, ಹಿರಿಯರು ತೀರಿಕೊಂಡೋ, ಏಳು ವರ್ಷಗಳ ಕಾಲ ಯಾರೂ ಕೇಳದೆ ಉಳಿದ ಲಾಭಾಂಶವು ಕೇಂದ್ರ ಸರ್ಕಾರದ ಹೂಡಿಕೆದಾರರ ಶಿಕ್ಷಣ ಮತ್ತು ಸಂರಕ್ಷಣಾ ನಿಧಿಗೆ ವರ್ಗವಾಗುತ್ತದೆ. ವಾರಸುದಾರರು ದಾಖಲೆಗಳೊಡನೆ ಅರ್ಜಿ ಸಲ್ಲಿಸಿ ಅದನ್ನು ಮರಳಿ ಪಡೆಯಲು ಅವಕಾಶವುಂಟು. ಮನೆಯ ಹಳೆಯ ಪೆಟ್ಟಿಗೆಯಲ್ಲಿ ಬ್ಯಾಂಕಿನ ಷೇರುಪತ್ರವೇನಾದರೂ ಇದೆಯೇ ಎಂದು ಓದುಗರು ಒಮ್ಮೆ ಹುಡುಕಿ ನೋಡುವುದೊಳ್ಳೆಯದು.